ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ಸಂಜೆ ಹೊತ್ತು ಬೀದಿಯಲ್ಲಿ ಮಕ್ಕಳು ಮುಟ್ಟಾಟ ಆಡುವಾಗ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಎಂಟು ಹತ್ತು ವರ್ಷದ ಹುಡುಗ ಹುಡುಗಿಯರ ನಡುವೆ ನಾಲ್ಕು ವರ್ಷದ ತಮ್ಮನೋ ತಂಗಿಯೋ ನುಸುಳಿಕೊಂಡು, ತಾನೂ ಆಡಬೇಕೆಂದು ಹಟ ಹಿಡಿಯುತ್ತದೆ. ಬೇಡವೆಂದರೆ ಅಳು, ಅತ್ತರೆ ಮನೆಯಲ್ಲಿ ಬೈಗುಳ. ಸೇರಿಸಿಕೊಂಡರೆ ಆಟವೇ ಕೆಡುತ್ತದೆ. ಈ ಇಕ್ಕಟ್ಟಿಗೆ ಕನ್ನಡದ ಮಕ್ಕಳು ಯಾವ ಕಾಲದಲ್ಲೋ ಒಂದು ಪರಿಹಾರ ಕಂಡುಕೊಂಡಿದ್ದಾರೆ. ಆ ಮಗು 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಅದು ಎಲ್ಲರೊಡನೆ ಓಡುತ್ತದೆ, ಕೂಗುತ್ತದೆ, ಕುಣಿಯುತ್ತದೆ. ಆದರೆ ಮುಟ್ಟಿಸಿಕೊಂಡರೂ ಔಟಾಗುವುದಿಲ್ಲ. ದೊಡ್ಡವರ ರಾಜಕೀಯದಲ್ಲಿ ಈ ಮಾತು ಈಗ ಮೂದಲಿಕೆಯಾಗಿ ಬಳಕೆಯಲ್ಲಿದೆ. ಹುಟ್ಟಿದಾಗ ಅದರಲ್ಲಿ ಮೂದಲಿಕೆಯಷ್ಟೇ ಪ್ರೀತಿಯೂ ಇತ್ತು.

ಈ ಬೀದಿಯ ನಿಯಮವನ್ನು 1991ರಲ್ಲಿ ಜಪಾನಿನ ಒಂದು ಕಂಪನಿ ಪೆಟ್ಟಿಗೆಯಲ್ಲಿಟ್ಟು ಮಾರಾಟ ಮಾಡಿತು. ಕಂಪನಿಯ ಹೆಸರು ಸ್ಕ್ವೇರ್. ಆ ವರ್ಷದ ಜುಲೈ 19ರಂದು ಅದು 'ಫೈನಲ್ ಫ್ಯಾಂಟಸಿ 4' ಎಂಬ ವಿಡಿಯೋ ಆಟವನ್ನು ಬಿಡುಗಡೆ ಮಾಡಿತು. ಮೂರು ತಿಂಗಳು ಕಳೆದು, ಅಕ್ಟೋಬರ್ 29ರಂದು, ಅದೇ ಆಟ ಮತ್ತೊಮ್ಮೆ ಅಂಗಡಿಗೆ ಬಂತು. ಈ ಸಲ ಹೆಸರಿನ ಕೊನೆಗೆ ಎರಡು ಪದಗಳು ಸೇರಿದ್ದವು: 'ಈಸಿ ಟೈಪ್'. ಎಂದರೆ ಸುಲಭದ ಬಗೆ. ಕಥೆ ಅದೇ, ಪಾತ್ರಗಳು ಅವೇ, ಸಂಗೀತವೂ ಅದೇ. ಹೋರಾಟ ಮಾತ್ರ ಹಗುರ. ಒಂದು ಕೃತಿಯ ಕರ್ತೃಗಳೇ ಅದರ ಸುಲಭ ಆವೃತ್ತಿಯನ್ನು ನೂರು ದಿನಗಳ ಆಸುಪಾಸಿನಲ್ಲಿ ಹೊರತಂದ ಈ ಪ್ರಸಂಗ ಮೇಲುನೋಟಕ್ಕೆ ವ್ಯಾಪಾರದ ಸಣ್ಣ ಸುದ್ದಿ. ಒಳಹೊಕ್ಕು ನೋಡಿದರೆ, ಹೊಸಬರನ್ನು ಕಲೆಯೊಳಗೆ ಕರೆದುಕೊಳ್ಳುವುದು ಹೇಗೆ, ಹಾಗೆ ಕರೆದುಕೊಳ್ಳುವಾಗ ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಟ್ಟುಕೊಡಬಾರದು ಎಂಬ ಹಳೆಯ ಪ್ರಶ್ನೆ ಅದರಲ್ಲಿ ಅಡಗಿದೆ.

ಇಂಥ ಆಟಗಳ ಪರಿಚಯವಿಲ್ಲದವರಿಗಾಗಿ ಮೊದಲು ಒಂದೆರಡು ಮಾತು. ವಿಡಿಯೋ ಆಟವೆಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು, ಬೆರಳ ಚುರುಕಿನಿಂದ ಗೆಲ್ಲುವುದು ಎಂಬ ಭಾವನೆ ಸಾಮಾನ್ಯ. 'ರೋಲ್ ಪ್ಲೇಯಿಂಗ್', ಎಂದರೆ ಪಾತ್ರ ವಹಿಸುವ ಆಟಗಳ ಜಾತಿಯೇ ಬೇರೆ. ಟಿ.ವಿ.ಗೆ ಜೋಡಿಸಿದ ಯಂತ್ರದಲ್ಲಿ ಕಾರ್ಟ್ರಿಜ್ ಸಿಕ್ಕಿಸಿದರೆ ತೆರೆದುಕೊಳ್ಳುವುದು ಒಂದು ದೀರ್ಘ ಕಥೆ. ಊರೂರು ಅಲೆಯಬೇಕು, ಸಿಕ್ಕವರನ್ನು ಮಾತನಾಡಿಸಬೇಕು, ಗುಹೆಗಳನ್ನು ಹೊಕ್ಕು ಹೊರಬರಬೇಕು. ನಡುನಡುವೆ ಶತ್ರುಗಳು ಎದುರಾಗುತ್ತಾರೆ. ಆಗ ತೆರೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ: ಹೊಡೆ, ಮಂತ್ರ ಹಾಕು, ಮದ್ದು ಕುಡಿ, ಓಡಿಹೋಗು. ಆರಿಸುವುದು ಆಡುವವನ ಕೆಲಸ.

ಪ್ರತಿ ಪಾತ್ರಕ್ಕೂ ಜೀವಬಲದ ಒಂದು ಅಂಕಿ, ಮಂತ್ರಬಲದ ಒಂದು ಅಂಕಿ ಇರುತ್ತದೆ. ಪೆಟ್ಟು ಬಿದ್ದಾಗ ಮೊದಲನೆಯದು, ಮಂತ್ರ ಹಾಕಿದಾಗ ಎರಡನೆಯದು ಇಳಿಯುತ್ತದೆ. ಗೆದ್ದಷ್ಟೂ ಅನುಭವ ಕೂಡಿ ಪಾತ್ರದ ಮಟ್ಟ ಏರುತ್ತದೆ. ಹೀಗಾಗಿ ಇದು ಅರ್ಧ ಕಾದಂಬರಿ, ಅರ್ಧ ಲೆಕ್ಕದ ಪುಸ್ತಕ. ಮುಗಿಸಲು ಹತ್ತಾರು ಗಂಟೆ ಬೇಕು. ಲೆಕ್ಕ ತಪ್ಪಿದರೆ ಕಥೆ ಅಲ್ಲೇ ನಿಲ್ಲುತ್ತದೆ. ಕಾದಂಬರಿಯ ಓದುಗನಿಗೆ ಇನ್ನೂರನೆಯ ಪುಟದಲ್ಲಿ ಯಾರೂ ಅಡ್ಡ ನಿಂತು 'ನೀನು ಇನ್ನೂ ತಯಾರಾಗಿಲ್ಲ, ಹಿಂದಿರುಗು' ಎನ್ನುವುದಿಲ್ಲ. ಈ ಆಟಗಳು ಹಾಗೆನ್ನುತ್ತವೆ. ಇವುಗಳ ಸೊಗಸೂ ಇದೇ, ಹೊಸಬರಿಗೆ ಇವು ಒಡ್ಡುವ ತೊಡಕೂ ಇದೇ.

'ಫೈನಲ್ ಫ್ಯಾಂಟಸಿ' ಮಾಲೆಯನ್ನು 1987ರಲ್ಲಿ ಆರಂಭಿಸಿದವರು ಹಿರೊನೊಬು ಸಕಾಗುಚಿ. ನಾಲ್ಕನೆಯ ಆಟದ ಮುಖ್ಯ ವಿನ್ಯಾಸಕಾರರು ತಕಾಶಿ ತೊಕಿತಾ, ಸಂಗೀತ ನೊಬುವೊ ಉಎಮತ್ಸು ಅವರದು. ಅದುವರೆಗೆ ಇಂಥ ಆಟಗಳ ಕಾದಾಟ ಚದುರಂಗದಂತೆ ಸಾಗುತ್ತಿತ್ತು. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಯೋಚಿಸಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಹಿರೊಯುಕಿ ಇತೊ ಎಂಬ ವಿನ್ಯಾಸಕಾರರು ಈ ಪದ್ಧತಿಯನ್ನು ಬದಲಿಸಿದರು. ಫಾರ್ಮುಲಾ ಒನ್ ಕಾರು ಪಂದ್ಯದಲ್ಲಿ ಒಂದೊಂದು ಕಾರು ಒಂದೊಂದು ವೇಗದಲ್ಲಿ ದಾಟಿಹೋಗುವುದನ್ನು ನೋಡಿ ಅವರಿಗೆ ಈ ಕಲ್ಪನೆ ಹೊಳೆಯಿತಂತೆ. ಹೊಸ ಪದ್ಧತಿಯಲ್ಲಿ ಚುರುಕಾದವನ ಸರದಿ ಬೇಗ ಬರುತ್ತದೆ, ನಿಧಾನಿಯದು ತಡವಾಗಿ. ಆಡುವವನು ಪಟ್ಟಿ ನೋಡುತ್ತಾ ಕೂತರೆ ಶತ್ರು ಕಾಯುವುದಿಲ್ಲ, ಹೊಡೆದೇ ಬಿಡುತ್ತಾನೆ. ಹಳಬರಿಗೆ ಇದು ರೋಮಾಂಚನ. ಮೊದಲ ಸಲ ಆಡುವ ಮಗುವಿಗೆ ಗಾಬರಿ.

ಕಥೆಯನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಮುಂದಿನ ಮಾತೆಲ್ಲ ಅದನ್ನೇ ಆಧರಿಸಿದೆ. ಬ್ಯಾರನ್ ಎಂಬ ರಾಜ್ಯದ ಹಾರುವ ಹಡಗುಗಳ ಪಡೆಗೆ ಸೆಸಿಲ್ ನಾಯಕ. ಅವನು ಕಪ್ಪು ಕತ್ತಿಯ ವಿದ್ಯೆ ಕಲಿತ ಯೋಧ. ದೊರೆಯ ಆಜ್ಞೆಯಂತೆ ಅವನು ಮಿಸಿಡಿಯಾ ಎಂಬ ಮಾಂತ್ರಿಕರ ಊರಿನ ಮೇಲೆ ಎರಗಿ, ಕೈಯೆತ್ತದ ಜನರನ್ನು ಕೊಂದು, ಅವರ ಸ್ಫಟಿಕವನ್ನು ಕಸಿದು ತರುವಲ್ಲಿಂದ ಆಟ ಆರಂಭವಾಗುತ್ತದೆ. ಮಾಡಿದ್ದು ತಪ್ಪೆಂದು ಮನಸ್ಸು ಚುಚ್ಚಿದಾಗ ದೊರೆಯನ್ನು ಪ್ರಶ್ನಿಸುತ್ತಾನೆ, ಪದವಿ ಕಳೆದುಕೊಳ್ಳುತ್ತಾನೆ. ಆಮೇಲೆ ಒಂದು ಉಂಗುರವನ್ನು ಮಿಸ್ಟ್ ಎಂಬ ಹಳ್ಳಿಗೆ ಮುಟ್ಟಿಸಿ ಬಾ ಎಂದು ಅವನನ್ನು ಕಳಿಸುತ್ತಾರೆ. ಹಳ್ಳಿಯಲ್ಲಿ ಉಂಗುರ ಬೆಂಕಿಯಾಗಿ ಸಿಡಿದು ಊರನ್ನೇ ಸುಡುತ್ತದೆ. ದಾರಿಯಲ್ಲಿ ತಾನು ಕೊಂದ ಡ್ರ್ಯಾಗನ್ನಿನ ಜೊತೆಗೆ, ಅದಕ್ಕೆ ಪ್ರಾಣ ಬೆಸೆದುಕೊಂಡಿದ್ದ ಒಬ್ಬ ತಾಯಿಯೂ ಸತ್ತಳೆಂದು ಅವನಿಗೆ ಆಗ ತಿಳಿಯುತ್ತದೆ. ಉಳಿದವಳು ಅವಳ ಪುಟ್ಟ ಮಗಳು ರಿಡಿಯಾ. ಆ ಹುಡುಗಿಯನ್ನು ಎತ್ತಿಕೊಂಡು ಹೊರಟಲ್ಲಿಂದ ಸೆಸಿಲ್‌ನ ಪ್ರಾಯಶ್ಚಿತ್ತದ ಯಾತ್ರೆ ಶುರು.

ಆ ಯಾತ್ರೆ ಅವನನ್ನು ಪುನಃ ಮಿಸಿಡಿಯಾಕ್ಕೇ ತಂದು ನಿಲ್ಲಿಸುತ್ತದೆ. ಊರಿನ ಜನ ಅವನನ್ನು ಮರೆತಿಲ್ಲ. ಮಾತನಾಡಿಸಲು ಹೋದರೆ ಮಂತ್ರ ಹಾಕಿ ಕಪ್ಪೆಯಾಗಿಸುತ್ತಾರೆ, ಹಂದಿಯಾಗಿಸುತ್ತಾರೆ. ಊರಿನ ಹಿರಿಯ ಮಾತ್ರ ಅವನಿಗೊಂದು ದಾರಿ ತೋರುತ್ತಾನೆ: ಅಗ್ನಿಪರೀಕ್ಷೆಯ ಬೆಟ್ಟ ಹತ್ತಿ ಬಾ. ಬೆಟ್ಟದ ತುಂಬ ಸತ್ತೂ ಅಲೆಯುವ ಪ್ರೇತಗಳು. ಅವುಗಳ ಮೇಲೆ ಕಪ್ಪು ಕತ್ತಿ ಸರಿಯಾಗಿ ನಾಟುವುದಿಲ್ಲ. ಶಿಖರದಲ್ಲಿ ಸೆಸಿಲ್ ಬೆಳಕಿನ ಯೋಧನಾಗುತ್ತಾನೆ. ಆಗ ಅವನೆದುರು ನಿಲ್ಲುವುದು ಅವನದೇ ಹಳೆಯ ರೂಪ, ಕಪ್ಪು ಕತ್ತಿಯ ಸೆಸಿಲ್. ಈ ಯುದ್ಧವನ್ನು ಗೆಲ್ಲುವ ಉಪಾಯ ಒಂದೇ, ಹೊಡೆಯದೆ ನಿಲ್ಲುವುದು. ಅದುವರೆಗೆ ಗಂಟೆಗಟ್ಟಲೆ 'ಹೊಡೆ' ಎಂಬ ಗುಂಡಿಯನ್ನೇ ಒತ್ತಿ ಬಂದ ಹುಡುಗನ ಕೈಯನ್ನು ಆಟ ಇಲ್ಲಿ ಹಿಡಿದು ನಿಲ್ಲಿಸುತ್ತದೆ. ಇನ್ನೂ ಒಂದು ವಿಶೇಷ: ಬೆಳಕಿನ ಯೋಧನಾದ ಕ್ಷಣದಲ್ಲಿ ಸೆಸಿಲ್‌ನ ಮಟ್ಟ ಒಂದಕ್ಕೆ ಇಳಿಯುತ್ತದೆ. ಕಲಿತದ್ದನ್ನೆಲ್ಲ ಕೆಳಗಿಟ್ಟು ಅವನು ಹೊಸದಾಗಿ ಎಣಿಕೆ ಆರಂಭಿಸಬೇಕು. ಹೊಸಬರ ಪಾಡು ಏನೆಂಬುದನ್ನು ಕಥೆಯ ನಾಯಕನೇ ಅನುಭವಿಸುವ ಆಟ ಇದು.

ಇಂಥ ಆಟಕ್ಕೆ ಸುಲಭದ ಆವೃತ್ತಿ ಬಂದಾಗ ಏನಾಯಿತು? ಜಪಾನಿನ 'ಈಸಿ ಟೈಪ್'ನಲ್ಲಿ ಆಯುಧಗಳ ಪೆಟ್ಟು ಜೋರಾಯಿತು. ಕೆಲವು ಕವಚ, ಆಭರಣಗಳು ಕೊಡುವ ರಕ್ಷಣೆ ಹೆಚ್ಚಿತು. ಕಟ್ಟಕಡೆಯ ಶತ್ರುವಿನ ರೂಪವೇ ಬೇರೆಯಾಯಿತು. ಎಳೆಯರು ಮತ್ತು ಈ ಜಾತಿಯ ಆಟಕ್ಕೆ ಹೊಸಬರು, ನಡುದಾರಿಯಲ್ಲಿ ಕೈಚೆಲ್ಲದೆ ಕಥೆಯ ಕೊನೆ ಮುಟ್ಟಲಿ ಎಂಬುದು ಇದರ ಹಿಂದಿನ ಆಶಯ. ಮೂಲ ಆಟವೂ ಅಂಗಡಿಯಲ್ಲಿ ಇದ್ದೇ ಇತ್ತು. ಯಾರಿಗೆ ಯಾವುದು ಬೇಕೋ ಅದನ್ನು ಕೊಳ್ಳಬಹುದಿತ್ತು. ಪೆಟ್ಟಿಗೆಯ ಮೇಲೆ ಹೆಸರೂ ಸ್ಪಷ್ಟವಾಗಿತ್ತು.

ಅಮೆರಿಕದ ಮಕ್ಕಳಿಗೆ ಈ ಆಯ್ಕೆ ದೊರೆಯಲಿಲ್ಲ. ಅದೇ ವರ್ಷದ ನವೆಂಬರ್ 23ರಂದು ಅಲ್ಲಿ ಈ ಆಟ ಬಿಡುಗಡೆಯಾದಾಗ ಅದರ ಹೆಸರು 'ಫೈನಲ್ ಫ್ಯಾಂಟಸಿ 2'. ಮಾಲೆಯ ಎರಡನೆಯ ಮತ್ತು ಮೂರನೆಯ ಆಟಗಳು ಆ ದೇಶಕ್ಕೆ ಬಂದೇ ಇರಲಿಲ್ಲವಾದ್ದರಿಂದ ನಾಲ್ಕನೆಯದು ಎರಡನೆಯದಾಯಿತು. ಅಂಕಿಯ ಜೊತೆಗೆ ಆಟವೂ ತಗ್ಗಿತ್ತು. ಆದರೆ ಪೆಟ್ಟಿಗೆಯ ಮೇಲೆ 'ಸುಲಭ' ಎಂಬ ಸೂಚನೆ ಇರಲಿಲ್ಲ. ತಾವು ಲೆಕ್ಕಕ್ಕಿಲ್ಲದ ಆಟಗಾರರೆಂಬುದು ಅಲ್ಲಿನ ಮಕ್ಕಳಿಗೆ ತಿಳಿಯಲೇ ಇಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಜಪಾನಿನ 'ಈಸಿ ಟೈಪ್' ಆಟವನ್ನೇ ಇಂಗ್ಲಿಷಿಗೆ ತಿರುಗಿಸಿ ಅಮೆರಿಕಕ್ಕೆ ಕಳಿಸಿದರೆಂದು ಬಹುಕಾಲ ನಂಬಲಾಗಿತ್ತು. ಎರಡರ ನಡುವೆ ಒಂದು ತಿಂಗಳಿಗೂ ಕಡಿಮೆ ಅಂತರ ಇದ್ದುದರಿಂದ ಈ ಊಹೆ ಸಹಜವೇ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಅವು ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಅಮೆರಿಕದ ಆಟ ಮೂಲಕ್ಕಿಂತ ಸುಲಭ. ಜಪಾನಿನ 'ಈಸಿ ಟೈಪ್' ಅದಕ್ಕಿಂತಲೂ ಸುಲಭ. ಒಂದೇ ಬುಡದಿಂದ ಒಡೆದ ಎರಡು ಕವಲುಗಳು ಇವು.

ಅಮೆರಿಕದ ಆವೃತ್ತಿಯಲ್ಲಿ ಏನೇನು ಹೋಯಿತು ಎಂಬ ಪಟ್ಟಿ ಕುತೂಹಲಕರ. ಮೂಲದಲ್ಲಿ ಕಣ್ಣು ಕತ್ತಲಾದರೆ ಒಂದು ಔಷಧ, ವಿಷ ಏರಿದರೆ ಇನ್ನೊಂದು, ಮಾತು ಕಟ್ಟಿದರೆ ಮತ್ತೊಂದು, ಕಲ್ಲಾದರೆ ಮಗದೊಂದು ಇದ್ದವು. ಇವೆಲ್ಲದರ ಬದಲು ಒಂದೇ ಸರ್ವರೋಗ ಪರಿಹಾರಿ ಮದ್ದು ಬಂತು. ಗುಹೆಗಳಲ್ಲಿ ಗೋಡೆಯ ಹಿಂದೆ ಅಡಗಿದ್ದ ಕಳ್ಳದಾರಿಗಳು ಕಣ್ಣಿಗೆ ಕಾಣುವಂತಾದವು. ಹಲವು ಪಾತ್ರಗಳ ವಿಶೇಷ ವಿದ್ಯೆಗಳು ಪಟ್ಟಿಯಿಂದಲೇ ಮಾಯವಾದವು. ಇದರ ಜೊತೆಗೆ ಇನ್ನೊಂದು ಬಗೆಯ ಕತ್ತರಿಯೂ ಕೆಲಸ ಮಾಡಿತು. ಧರ್ಮ, ಸಾವು, ಶೃಂಗಾರಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅಮೆರಿಕದ ನಿಂಟೆಂಡೋ ಸಂಸ್ಥೆ ಆಗ ಬಿಗಿಯಾದ ನಿಯಮಗಳನ್ನು ಇಟ್ಟುಕೊಂಡಿತ್ತು. ಅದರಂತೆ 'ಹೋಲಿ', ಎಂದರೆ ಪವಿತ್ರ, ಎಂಬ ಮಂತ್ರ 'ವೈಟ್', ಎಂದರೆ ಬಿಳಿ, ಎಂದಾಯಿತು. ಪ್ರಾರ್ಥನೆಯ ಗೋಪುರ ಹಾರೈಕೆಯ ಗೋಪುರವಾಯಿತು.

ಈ ಪಟ್ಟಿಯಲ್ಲಿ ಎಲ್ಲ ನಷ್ಟವೂ ಒಂದೇ ತೂಕದ್ದಲ್ಲ. ಹಲವು ಔಷಧಗಳು ಒಂದಾದದ್ದರಿಂದ ಕಥೆಗೆ ಏನೂ ಕೊರತೆಯಾಗಲಿಲ್ಲ. ಯಾವ ಸೀಸೆ ಯಾವ ಬಾಧೆಗೆ ಎಂದು ನೆನಪಿಟ್ಟುಕೊಳ್ಳುವ ಭಾರ ಇಳಿಯಿತು, ಅಷ್ಟೆ. ಗುಪ್ತದಾರಿ ಕಂಡದ್ದರಿಂದ ಹುಡುಕುವ ಖುಷಿ ತುಸು ಕಡಿಮೆಯಾಯಿತು. ದಾರಿ ತಪ್ಪುವ ಬೇಸರವೂ ಕಡಿಮೆಯಾಯಿತು. ಆದರೆ ಸೆಸಿಲ್‌ನ ಪಟ್ಟಿಯಿಂದ ಹೋದ ಒಂದು ವಿದ್ಯೆಯ ಮಾತು ಬೇರೆ.

ಮೂಲ ಆಟದಲ್ಲಿ ಕಪ್ಪು ಕತ್ತಿಯ ಸೆಸಿಲ್‌ಗೆ ಕತ್ತಲ ಅಲೆಯನ್ನು ಎಬ್ಬಿಸುವ ವಿದ್ಯೆ ಇದೆ. ಎದುರಿನ ಶತ್ರುಗಳೆಲ್ಲರಿಗೂ ಒಂದೇ ಏಟಿಗೆ ಪೆಟ್ಟು. ಅದರ ಬೆಲೆ ಎಂದರೆ, ಪ್ರತಿ ಸಲವೂ ಸೆಸಿಲ್‌ನ ಸ್ವಂತ ಜೀವಬಲದಲ್ಲಿ ಒಂದು ಪಾಲು ಕಡಿದುಹೋಗುತ್ತದೆ. ಕತ್ತಲ ಬಲದಿಂದ ಗೆಲ್ಲುವವನು ತನ್ನನ್ನೇ ತಿಂದುಕೊಳ್ಳುತ್ತಾನೆಂದು ಯಾವ ಪಾತ್ರವೂ ಉಪದೇಶ ಮಾಡಬೇಕಾಗಿಲ್ಲ. ಆಡುವ ಹುಡುಗ ಆ ಗುಂಡಿ ಒತ್ತಿದಾಗಲೆಲ್ಲ ಅಂಕಿ ಇಳಿಯುವುದನ್ನು ನೋಡುತ್ತಾನೆ. ಆಮೇಲೆ ಬೆಟ್ಟದ ಶಿಖರದಲ್ಲಿ ಅದೇ ಕತ್ತಲ ಅಲೆ, ಹಳೆಯ ಸೆಸಿಲ್‌ನ ಕೈಯಿಂದ, ಹೊಸ ಸೆಸಿಲ್‌ನ ಮೇಲೆ ಬಂದು ಬೀಳುತ್ತದೆ. ಇಷ್ಟು ದಿನ ಬೇರೆಯವರಿಗೆ ಕೊಟ್ಟದ್ದನ್ನು ಈಗ ತಾನು ಸುಮ್ಮನೆ ನಿಂತು ತೆಗೆದುಕೊಳ್ಳಬೇಕು. ಪ್ರಾಯಶ್ಚಿತ್ತ ಎಂಬ ಪದಕ್ಕೆ ಅಂಕಿಗಳಲ್ಲಿ ಬರೆದ ಅರ್ಥ ಇದು.

ಅಮೆರಿಕದ ಆವೃತ್ತಿಯಲ್ಲಿ ಆಡುವವನ ಕೈಗೆ ಆ ವಿದ್ಯೆ ಸಿಗುವುದೇ ಇಲ್ಲ. ಹಾಗಾಗಿ ಶಿಖರದಲ್ಲಿ ಕತ್ತಲ ಅಲೆ ಬಂದಾಗ ಅದು ಅಪರಿಚಿತ ಶತ್ರುವಿನ ಒಂದು ಹೊಸ ಅಸ್ತ್ರದಂತೆ ಕಾಣುತ್ತದೆ. ತನ್ನದೇ ಹಳೆಯ ಸಾಲ ಬಡ್ಡಿಸಮೇತ ಹಿಂದಿರುಗಿತೆಂದು ಹೊಳೆಯುವುದು ಕಷ್ಟ. ಕತ್ತರಿ ಹಿಡಿದವರಿಗೆ ಅದು ಪಟ್ಟಿಯಲ್ಲಿನ ಒಂದು ಹೆಚ್ಚುವರಿ ಗುಂಡಿಯಾಗಿ ಕಂಡಿರಬೇಕು. ಹೊಸಬರಿಗೆ ಗೊಂದಲವಾದೀತೆಂದು ತೆಗೆದರು. ಅದರೊಂದಿಗೆ ಕಥೆಯ ಒಂದು ಎಳೆಯೂ ಕಿತ್ತುಬಂತು. ರೋಸಾ ಎಂಬ ಶುಶ್ರೂಷಕಿಯ ಪ್ರಾರ್ಥನೆಯ ವಿದ್ಯೆಗೂ ಇದೇ ಗತಿಯಾಯಿತು. ಮಂತ್ರಬಲ ಖರ್ಚಿಲ್ಲದೆ ಕೈಮುಗಿದು ಬೇಡುವ ಆ ವಿದ್ಯೆ ಒಮ್ಮೊಮ್ಮೆ ಫಲಿಸುತ್ತಿತ್ತು, ಒಮ್ಮೊಮ್ಮೆ ಫಲಿಸುತ್ತಿರಲಿಲ್ಲ. ಎಲ್ಲ ದಾರಿಯೂ ಮುಚ್ಚಿದಾಗ ಉಳಿಯುವ ಭರವಸೆ ಎಂಥದೆಂದು ತೋರಿಸಲು ಅದಕ್ಕಿಂತ ಸರಳ ಉಪಾಯವಿರಲಿಲ್ಲ.

ಹಾಗಾದರೆ ಸುಲಭ ಮಾಡುವುದೇ ಅಪರಾಧವೇ? ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಸರಿದು ನೋಡಿದರೆ ಹಾಗೆನ್ನಲು ಬಾಯಿ ಬರುವುದಿಲ್ಲ.

ಪಾತ್ರ ವಹಿಸುವ ಆಟಗಳ ಮೂಲ ಜಪಾನಿನಲ್ಲಿ ಇಲ್ಲ, ಅಮೆರಿಕದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಮೇಜಿನ ಸುತ್ತ ಗೆಳೆಯರು ಕೂತು, ದಾಳ ಉರುಳಿಸಿ, ನಿಯಮದ ಪುಸ್ತಕ ನೋಡುತ್ತಾ ಆಡುವ ಆಟ ಅದು. 1981ರಲ್ಲಿ 'ವಿಝಾರ್ಡ್ರಿ' ಮತ್ತು 'ಅಲ್ಟಿಮಾ' ಎಂಬ ಎರಡು ಆಟಗಳು ಆ ಅನುಭವವನ್ನು ಕಂಪ್ಯೂಟರಿಗೆ ತಂದವು. 'ವಿಝಾರ್ಡ್ರಿ' ಕರುಣೆಯಿಲ್ಲದ ಆಟ. ನೆಲಮಾಳಿಗೆಯ ನಕ್ಷೆಯನ್ನು ಆಡುವವನೇ ಚೌಕುಳಿ ಕಾಗದದ ಮೇಲೆ ಬರೆದುಕೊಳ್ಳಬೇಕಿತ್ತು. ಸತ್ತ ಪಾತ್ರವನ್ನು ಬದುಕಿಸಲು ಹೋಗಿ ವಿಫಲವಾದರೆ ಅದು ಬೂದಿಯಾಗುತ್ತಿತ್ತು. ಮತ್ತೊಮ್ಮೆ ವಿಫಲವಾದರೆ ಶಾಶ್ವತವಾಗಿ ಇಲ್ಲವಾಗುತ್ತಿತ್ತು.

ಯೂಜಿ ಹೊರಿ ಎಂಬ ಜಪಾನಿ ತರುಣ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದಾಗ 'ವಿಝಾರ್ಡ್ರಿ'ಯನ್ನು ಕಂಡು ಮರುಳಾದರು. ಇದನ್ನು ತಮ್ಮ ದೇಶದ ಸಾಮಾನ್ಯ ಮನೆಯ ಟಿ.ವಿ. ಮುಂದೆ ಕೂರುವ ಮಗುವಿಗೆ ಮುಟ್ಟಿಸುವುದು ಹೇಗೆಂದು ಯೋಚಿಸಿದರು. ಅದರ ಫಲ 1986ರ 'ಡ್ರ್ಯಾಗನ್ ಕ್ವೆಸ್ಟ್'. ಆ ಆಟ ರಾಜನ ಕೋಣೆಯಲ್ಲಿ ಆರಂಭವಾಗುತ್ತದೆ. ಬಾಗಿಲಿಗೆ ಬೀಗ. ಪೆಟ್ಟಿಗೆ ತೆರೆದು ಬೀಗದ ಕೈ ತೆಗೆದುಕೊಳ್ಳಬೇಕು, ಬಾಗಿಲು ತೆಗೆಯಬೇಕು, ಮೆಟ್ಟಿಲಿಳಿಯಬೇಕು. ಕೋಣೆಯಿಂದ ಹೊರಬರುವಷ್ಟರಲ್ಲಿ ಆಡಲು ಬೇಕಾದ ವಿದ್ಯೆಯೆಲ್ಲ ಮಗುವಿಗೆ ಬಂದಿರುತ್ತದೆ, ಪಾಠ ಕಲಿತೆನೆಂಬ ಅರಿವೇ ಇಲ್ಲದೆ. ಸೋತರೆ ಕೈಲಿದ್ದ ಹಣದಲ್ಲಿ ಅರ್ಧ ಹೋಗುತ್ತದೆ. ಗಳಿಸಿದ ಅನುಭವ ಹೋಗುವುದಿಲ್ಲ. ಸೋತವನು ಬಡವನಾಗಬಹುದು, ಕಲಿತದ್ದನ್ನು ಕಳೆದುಕೊಳ್ಳಬೇಕಿಲ್ಲ ಎಂಬ ಈ ಒಂದು ನಿಯಮದಲ್ಲಿ ಒಳ್ಳೆಯ ಮೇಷ್ಟರ ಮನಸ್ಸು ಕಾಣುತ್ತದೆ.

'ಫೈನಲ್ ಫ್ಯಾಂಟಸಿ' ಹುಟ್ಟಿದ್ದು 'ಡ್ರ್ಯಾಗನ್ ಕ್ವೆಸ್ಟ್' ಹಾಕಿಕೊಟ್ಟ ಈ ಹಾದಿಯಲ್ಲೇ. ಆದ್ದರಿಂದ, ಯಾವುದನ್ನು ಮೂಲವೆಂದು ಗೌರವಿಸಲಾಗುತ್ತದೋ ಅದೂ ಒಂದು ಅರ್ಥದಲ್ಲಿ ಅಮೆರಿಕದ ಕಠಿಣ ಆಟದ 'ಈಸಿ ಟೈಪ್'. ಅಷ್ಟೇ ಅಲ್ಲ, 'ಫೈನಲ್ ಫ್ಯಾಂಟಸಿ 4'ರ ಮೂಲವೂ ಪೂರ್ಣ ಪಠ್ಯವಲ್ಲ. ಕಾರ್ಟ್ರಿಜ್‌ನಲ್ಲಿ ಜಾಗ ಸಾಲದೆ, ಬರೆದ ಸಂಭಾಷಣೆಯಲ್ಲಿ ನಾಲ್ಕನೆಯ ಒಂದು ಭಾಗವನ್ನಷ್ಟೇ ಉಳಿಸಿಕೊಳ್ಳಬೇಕಾಯಿತೆಂದು ತೊಕಿತಾ ಅವರು ಮುಂದೆ ಹೇಳಿದ್ದಾರೆ. ಸಂಗ್ರಹಿಸಿದ್ದು, ಸರಳಗೊಳಿಸಿದ್ದು, ಹಿಂಡಿ ಇಳಿಸಿದ್ದು, ಇವೆಲ್ಲ ಸೇರಿಯೇ ಮೂಲ. ಹಾಗಿರುವಾಗ ಸುಲಭವೆಂಬ ಪದವನ್ನು ಕೇಳಿದೊಡನೆ ಮೂಗು ಮುರಿಯುವುದು ನ್ಯಾಯವಲ್ಲ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಅಮೆರಿಕದವರು ಹುಟ್ಟಿಸಿದ ಆಟದ ಮೊಮ್ಮಗನನ್ನು ಅಮೆರಿಕಕ್ಕೆ ಕಳಿಸುವಾಗ, ಅಲ್ಲಿಯವರಿಗೆ ಇದು ಅರಗದೆಂದು ಮೆತ್ತಗೆ ಬೇಯಿಸಿ ಕಳಿಸಿದರು. ಕಂಪನಿಗಳ ಈ ಅಳುಕು ಪೂರ್ತಿ ಆಧಾರರಹಿತವಾಗಿರಲಿಲ್ಲ. 'ಡ್ರ್ಯಾಗನ್ ಕ್ವೆಸ್ಟ್' 1989ರಲ್ಲಿ 'ಡ್ರ್ಯಾಗನ್ ವಾರಿಯರ್' ಎಂಬ ಹೆಸರಿನಲ್ಲಿ ಅಲ್ಲಿ ಬಂದಾಗ ಜಪಾನಿನಲ್ಲಿ ಎದ್ದ ಅಲೆ ಅಲ್ಲಿ ಏಳಲಿಲ್ಲ. ನಿಂಟೆಂಡೋ ತನ್ನ ಪತ್ರಿಕೆಗೆ ಚಂದಾ ಕಟ್ಟಿದವರಿಗೆ ಅದರ ಪ್ರತಿಗಳನ್ನು ಉಚಿತವಾಗಿ ಹಂಚಿತು. ಕಂಪ್ಯೂಟರ್ ಇಟ್ಟುಕೊಂಡ ದೊಡ್ಡವರು ಇಂಥ ಆಟ ಆಡುತ್ತಿದ್ದರೇ ಹೊರತು, ಟಿ.ವಿ. ಮುಂದೆ ಕೂತ ಮಕ್ಕಳಿಗೆ ಅದರ ರುಚಿ ಇನ್ನೂ ಹತ್ತಿರಲಿಲ್ಲ.

ಈ ಅಳುಕು 1992ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ ವರ್ಷ ಜಪಾನಿನಲ್ಲಿ ಬಂದ ಐದನೆಯ 'ಫೈನಲ್ ಫ್ಯಾಂಟಸಿ'ಯನ್ನು ಸ್ಕ್ವೇರ್ ಅಮೆರಿಕಕ್ಕೆ ಕಳಿಸಲಿಲ್ಲ. ಅದು ಅಧಿಕೃತವಾಗಿ ಅಲ್ಲಿ ತಲುಪಿದ್ದು 1999ರಲ್ಲಿ. ಅದರ ಬದಲು ಹೊಸಬರಿಗೆಂದೇ ರಚಿಸಿದ 'ಮಿಸ್ಟಿಕ್ ಕ್ವೆಸ್ಟ್' ಎಂಬ ಆಟವನ್ನು ಕಳಿಸಿತು. ಇದರಲ್ಲಿ ಶತ್ರುಗಳು ಹಠಾತ್ತನೆ ಎರಗದೆ ಮೊದಲೇ ಕಣ್ಣೆದುರು ನಿಂತಿರುತ್ತಾರೆ. ಸೋತರೆ ಅದೇ ಕಾದಾಟವನ್ನು ಕೂಡಲೇ ಮತ್ತೆ ಆಡಬಹುದು. ಎಲ್ಲಿ ಬೇಕಾದರೂ ಆಟವನ್ನು ಉಳಿಸಿಡಬಹುದು. ತಂಡದಲ್ಲಿ ಇಬ್ಬರೇ. ಭೂಪಟದ ಮೇಲೆ ಗುರುತು ಹಾಕಿದ ದಾರಿಯಲ್ಲೇ ನಡೆಯಬೇಕು. ಸೌಲಭ್ಯಗಳೆಲ್ಲ ಒಳ್ಳೆಯವೇ, ಅವುಗಳಲ್ಲಿ ಹಲವು ಇಂದು ಎಲ್ಲ ಆಟಗಳಲ್ಲೂ ಸಾಮಾನ್ಯ. ಆದರೆ ಸೆಸಿಲ್‌ನಂಥ ಪಾತ್ರ, ರಿಡಿಯಾಳಂಥ ದುಃಖ, ಬೆಟ್ಟದ ಶಿಖರದಂಥ ಕ್ಷಣ ಅದರಲ್ಲಿ ಇರಲಿಲ್ಲ. ವಿಮರ್ಶಕರು ಅದನ್ನು ತೀರಾ ಸಪ್ಪೆ ಎಂದರು. ಮರುವರ್ಷ ಅದು ಜಪಾನಿಗೆ ಬಂದಾಗ ಹೆಸರಿನಲ್ಲಿ 'ಯು.ಎಸ್.ಎ.' ಎಂಬ ಅಕ್ಷರಗಳು ಸೇರಿದ್ದವು.

ಮನೆ ಕಟ್ಟುವವರಿಗೆ ಹೊಸ್ತಿಲಿಗೂ ಕಂಬಕ್ಕೂ ಇರುವ ವ್ಯತ್ಯಾಸ ಗೊತ್ತು. ಹೊಸ್ತಿಲು ಎತ್ತರವಾಗಿ ಮುದುಕರು ಮಕ್ಕಳು ಎಡವುತ್ತಿದ್ದರೆ ಅದನ್ನು ತಗ್ಗಿಸುವುದು ಉಪಕಾರ. ಕಂಬ ಅಡ್ಡ ಬರುತ್ತದೆಂದು ತೆಗೆದರೆ ಸೂರು ಕುಸಿಯುತ್ತದೆ. ಆಟದ ಕಷ್ಟಗಳಲ್ಲೂ ಈ ಎರಡು ಬಗೆ ಇವೆ. ಹತ್ತು ಔಷಧಗಳ ಹೆಸರು ನೆನಪಿಡುವುದು, ಸೋತಾಗ ಒಂದು ಗಂಟೆಯ ದುಡಿಮೆ ಕಳೆದುಕೊಳ್ಳುವುದು, ಕಾಣದ ದಾರಿಗೆ ಗೋಡೆ ತಡವುವುದು, ಇವೆಲ್ಲ ಹೊಸ್ತಿಲುಗಳು. ಕತ್ತಲ ಅಲೆಗೆ ತೆರುವ ಬೆಲೆ, ಬೆಟ್ಟದ ಪ್ರೇತಗಳಿಗೆ ನಾಟದ ಕತ್ತಿ, ಒಂದನೆಯ ಮಟ್ಟಕ್ಕೆ ಇಳಿಯುವ ನಾಯಕ, ಇವು ಕಂಬಗಳು. ಇವು ಕೊಡುವ ಕಷ್ಟವೇ ಕಥೆ. 1991ರ ಕತ್ತರಿ ಹೊಸ್ತಿಲುಗಳ ಜೊತೆಗೆ ಒಂದೆರಡು ಕಂಬಗಳನ್ನೂ ಕಡಿಯಿತು. 'ಮಿಸ್ಟಿಕ್ ಕ್ವೆಸ್ಟ್' ಹೊಸ್ತಿಲನ್ನು ಚೆನ್ನಾಗಿ ತಗ್ಗಿಸಿತು, ಒಳಗೆ ಮನೆ ಕಟ್ಟುವುದನ್ನು ಮರೆಯಿತು.

ಅಮೆರಿಕದ ಮಕ್ಕಳ ಬಗ್ಗೆ ಕಂಪನಿಗಳು ಹಾಕಿದ ಲೆಕ್ಕ ಮುಂದೆ ತಲೆಕೆಳಗಾಯಿತು. 1997ರಲ್ಲಿ 'ಫೈನಲ್ ಫ್ಯಾಂಟಸಿ 7' ಬಂದಾಗ ಅಂಕಿಯನ್ನೂ ತಗ್ಗಿಸಲಿಲ್ಲ, ಆಟವನ್ನೂ ತಗ್ಗಿಸಲಿಲ್ಲ. ಅದು ಜಗತ್ತಿನಾದ್ಯಂತ ಗೆದ್ದಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಆಟದ ಅತಿ ಕಠಿಣವಾದ ಇಬ್ಬರು ಶತ್ರುಗಳು ಜಪಾನಿನ ಮೊದಲ ಪ್ರತಿಯಲ್ಲಿ ಇರಲೇ ಇಲ್ಲ. ಅವರನ್ನು ಅಮೆರಿಕದ ಆವೃತ್ತಿಗೆಂದು ಸೇರಿಸಲಾಯಿತು. ಆಮೇಲೆ ಅದೇ ವರ್ಷದ ಇನ್ನೊಂದು ಆವೃತ್ತಿಯಲ್ಲಿ ಜಪಾನಿನವರಿಗೂ ಸಿಕ್ಕಿತು. ಆರು ವರ್ಷಗಳ ಹಿಂದೆ ಲೆಕ್ಕಕ್ಕಿಲ್ಲ ಎನಿಸಿಕೊಂಡವರಿಗೆ ಈಗ ಹೆಚ್ಚಿನ ಲೆಕ್ಕ ಮೊದಲು ದೊರೆಯಿತು. ನಾಲ್ಕನೆಯ ಆಟ ಕೂಡ 2001ರಲ್ಲಿ, ಪ್ಲೇಸ್ಟೇಷನ್ ಯಂತ್ರಕ್ಕಾಗಿ, ತನ್ನ ನಿಜವಾದ ಅಂಕಿಯೊಡನೆ ಮತ್ತು ಕಳೆದುಹೋದ ವಿದ್ಯೆಗಳೊಡನೆ ಇಂಗ್ಲಿಷಿನಲ್ಲಿ ಮರಳಿತು. ಹತ್ತು ವರ್ಷಗಳ ಕೆಳಗೆ ಹುಡುಗರಾಗಿ ಆಡಿದ್ದವರು ಸೆಸಿಲ್‌ನ ಕತ್ತಲ ಅಲೆಯನ್ನು ಆಗ ಮೊದಲ ಬಾರಿಗೆ ತಮ್ಮ ಕೈಯಾರೆ ಎಬ್ಬಿಸಿದರು. 2007ರಲ್ಲಿ ನಿಂಟೆಂಡೋ ಡಿ.ಎಸ್. ಯಂತ್ರಕ್ಕೆ ಹೊಸದಾಗಿ ರೂಪಿಸಿದಾಗ ಆಟವನ್ನು ಮೊದಲಿಗಿಂತ ಕಠಿಣವಾಗಿಯೇ ಕಟ್ಟಲಾಯಿತು.

ಹಾಗೆಂದು ಸುಲಭದ ಆಟ ಆಡಿದವರು ಕೃತಿಯನ್ನು ಕಾಣಲೇ ಇಲ್ಲ ಎನ್ನಬಹುದೇ? ಹಾಗೆನ್ನುವುದು ಅನ್ಯಾಯ. ಅಮೆರಿಕದ ಆವೃತ್ತಿಯಲ್ಲೂ ಮಿಸ್ಟ್ ಹಳ್ಳಿ ಉರಿಯುತ್ತದೆ. ಸೆಸಿಲ್‌ನ ಮೇಲೆ ಕಣ್ಣಿಡಲೆಂದು ಬಂದ ಅವಳಿ ಮಕ್ಕಳು ಕೊನೆಗೆ ಅವನನ್ನು ಉಳಿಸಲು ತಾವೇ ಕಲ್ಲಾಗಿ ನಿಲ್ಲುತ್ತಾರೆ. ಶಿಖರದಲ್ಲಿ ಹೊಡೆಯದೆ ನಿಲ್ಲಬೇಕೆಂಬ ನಿಯಮವೂ ಹಾಗೇ ಇದೆ. ಆ ಆಟದ ಮೂಲಕವೇ ಒಂದು ತಲೆಮಾರು ಈ ಕಲೆಗೆ ಪ್ರವೇಶ ಪಡೆಯಿತು. ಮೊದಲು ಮಕ್ಕಳ ಪುಸ್ತಕದಲ್ಲಿ ಮಹಾಭಾರತ ಓದಿದವರು ದೊಡ್ಡವರಾದ ಮೇಲೆ ದೊಡ್ಡ ಗ್ರಂಥ ಹುಡುಕಿಕೊಂಡು ಹೋಗುವುದುಂಟು. ಹೋಗದಿದ್ದವರಿಗೂ ಕರ್ಣ ಗೊತ್ತು. ಕಂಬ ಒಂದೆರಡು ಕಳೆದರೂ ಮನೆ ನಿಂತಿದ್ದರೆ ಒಳಗಿದ್ದವರು ಬಿಸಿಲು ಮಳೆಯಲ್ಲಿ ಇದ್ದರೆಂದು ಹೇಳಲಾಗದು.

ನಿಜವಾದ ತಕರಾರು ಬೇರೆಡೆ ಇದೆ. ಜಪಾನಿನಲ್ಲಿ ಸುಲಭದ ಆಟವನ್ನು ಕೊಂಡವನಿಗೆ ತಾನು ಏನನ್ನು ಕೊಂಡೆನೆಂದು ತಿಳಿದಿತ್ತು, ಕಷ್ಟದ್ದು ಪಕ್ಕದಲ್ಲೇ ಇತ್ತು. ಅಮೆರಿಕದಲ್ಲಿ ಬೇರೆ ಯಾರೋ ಅವನ ಪರವಾಗಿ ನಿರ್ಧರಿಸಿದ್ದರು, ನಿರ್ಧರಿಸಿದ್ದನ್ನು ಹೇಳಿಯೂ ಇರಲಿಲ್ಲ. ಒಂದೇ ವರ್ಷದಲ್ಲಿ, ಒಂದೇ ಕಂಪನಿಯ ಕೈಯಲ್ಲಿ ನಡೆದ ಈ ಎರಡು ನಡವಳಿಕೆಗಳ ನಡುವಿನ ಅಂತರ ದೊಡ್ಡದು. ಮೊದಲನೆಯದು ಹೊಸಬನಿಗೆ ಕೈನೀಡುವುದು. ಎರಡನೆಯದು ಅವನು ಹತ್ತಲಾರನೆಂದು ಮೊದಲೇ ತೀರ್ಮಾನಿಸಿ ಏಣಿಯ ಮೇಲಿನ ಮೆಟ್ಟಿಲುಗಳನ್ನು ಬಚ್ಚಿಡುವುದು.

ಇದಕ್ಕೆ ಉತ್ತರ ಬರಲು ಮೂವತ್ತು ವರ್ಷ ಹಿಡಿಯಿತು. ಸ್ಕ್ವೇರ್ 2003ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್'ನ ಪ್ರಕಾಶಕರಾದ ಎನಿಕ್ಸ್ ಸಂಸ್ಥೆಯೊಡನೆ ಒಂದಾಗಿತ್ತು. ಆ ಸಂಸ್ಥೆ 2021ರಲ್ಲಿ ನಾಲ್ಕನೆಯ ಆಟವನ್ನು 'ಪಿಕ್ಸೆಲ್ ರೀಮಾಸ್ಟರ್' ಎಂಬ ಹೊಸ ರೂಪದಲ್ಲಿ ಹೊರತಂದಿತು. 2023ರಲ್ಲಿ ಅದು ಟಿ.ವಿ. ಯಂತ್ರಗಳಿಗೆ ಬಂದಾಗ ಅದರಲ್ಲಿ ಒಂದು ಪುಟ್ಟ ಪಟ್ಟಿ ಸೇರಿತ್ತು. ಹಠಾತ್ತನೆ ಎರಗುವ ಶತ್ರುಗಳು ಬೇಡವೆನಿಸಿದರೆ ನಿಲ್ಲಿಸಬಹುದು. ಗೆದ್ದಾಗ ಸಿಗುವ ಅನುಭವವನ್ನು ನಾಲ್ಕು ಪಟ್ಟಿಗೆ ಏರಿಸಬಹುದು, ಬೇಕೆಂದರೆ ಅರ್ಧಕ್ಕೂ ಇಳಿಸಬಹುದು. ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು. ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡುವವನು ಶತ್ರುಗಳನ್ನು ನಿಲ್ಲಿಸಿ ಕಥೆ ನೋಡುತ್ತಾನೆ. ರಜೆಯಲ್ಲಿರುವ ಹುಡುಗಿ ಅನುಭವವನ್ನು ಅರ್ಧಕ್ಕಿಳಿಸಿ ತನ್ನ ಶಕ್ತಿ ಪರೀಕ್ಷಿಸುತ್ತಾಳೆ. ಸುಲಭಕ್ಕೊಂದು, ಕಷ್ಟಕ್ಕೊಂದು ಪೆಟ್ಟಿಗೆ ಬೇಕಿಲ್ಲ; ಯಾವ ದೇಶದವರಿಗೆ ಯಾವುದು ಅರಗೀತೆಂದು ಯಾರೂ ಊಹಿಸಬೇಕಿಲ್ಲ.

ಬೀದಿಯ ಮುಟ್ಟಾಟದಲ್ಲಿ ಇದೇ ವಿವೇಕ ಮೊದಲಿನಿಂದಲೂ ಇದೆ. ಲೆಕ್ಕಕ್ಕಿಲ್ಲದ ಮಗು ಸದಾ ಹಾಗೇ ಉಳಿಯುವುದಿಲ್ಲ. ಆಡುತ್ತಾ ಆಡುತ್ತಾ ಅದಕ್ಕೆ ಓಡುವುದು, ತಪ್ಪಿಸಿಕೊಳ್ಳುವುದು, ಮೂಲೆಯಲ್ಲಿ ಹೊಂಚುವುದು ಬರುತ್ತದೆ. ಒಂದು ಸಂಜೆ ಯಾರೋ ಅದರ ಬೆನ್ನು ಮುಟ್ಟುತ್ತಾರೆ, ಔಟ್ ಎಂದು ಹೇಳುವುದಿಲ್ಲ. ಆಗ ಅದು ಸಿಟ್ಟಿನಿಂದ ಕಾಲು ನೆಲಕ್ಕಪ್ಪಳಿಸಿ, ತಾನು ಔಟಾಗಿದ್ದೇನೆಂದು ಕೂಗುತ್ತದೆ. ದೊಡ್ಡ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪು ಎನ್ನುತ್ತಾರೆ. ಲೆಕ್ಕಕ್ಕೆ ಸೇರುವ ಗಳಿಗೆಯನ್ನು ಆ ಮಗುವೇ ಆರಿಸಿಕೊಂಡಿರುತ್ತದೆ.